ಜಾವಾದಲ್ಲಿ ಕದ್ದು ತಿಂದ ಹಸಿ ಸಂಡಿಗೆ

ರಾಗಿಹಿಟ್ಟು ವಿಮಾನ ಹತ್ತಿದ್ದು

ವಿಮಾನದ ಹೊಟ್ಟೆಯನ್ನು ನಮ್ಮಷ್ಟು ಹತ್ತಿರದಿಂದ ನೋಡಿದವರು ಕಡಿಮೆ. ಬಾಗಲೂರಿನ ಹೊಲದಲ್ಲಿ ಅವರೆಕಾಯಿ ಕೀಳುವಾಗ ನಮ್ಮ ತಲೆಯ ಮೇಲೆಯೇ ಅವು ಗುಡುಗಿಕೊಂಡು ಹೋಗುತ್ತಿದ್ದವು. ಆ ಹೊಲದಲ್ಲಿ ಮನೆಗಳೆದ್ದು, ನಾವು ಪುಟ್ಟೇನಹಳ್ಳಿಗೆ ಬಂದ ಮೇಲೂ ಅವು ಬಿಡಲಿಲ್ಲ. ಟೆರೇಸಿನಲ್ಲಿ ಸಂಡಿಗೆ ಇಡುತ್ತಾ ಕತ್ತೆತ್ತಿದರೆ ಒಂದು ಹೋಗುತ್ತಿರುತ್ತದೆ. ಆದರೆ ಅದರ ಒಳಗೆ ಹೇಗಿರುತ್ತದೆ ಎಂದು ಗೊತ್ತಾಗಿದ್ದು ಹೋದ ವರ್ಷ, ನನ್ನ ಓರಗಿತ್ತಿ ಜಯಕ್ಕನ ಜೊತೆ ಜಾವಾಕ್ಕೆ ಹೋದಾಗ.

ಜಯಕ್ಕನ ಮಗಳು ರಶ್ಮಿ ಮೊದಲು ಯಶವಂತಪುರದ ಕಡೆ ಒಂದು ಗಾರ್ಮೆಂಟ್ಸಿನಲ್ಲಿದ್ದಳು. ಅಲ್ಲಿ ಕಟಿಂಗು, ಸ್ಯಾಂಪಲ್ಲು ಎಲ್ಲಾ ಕಲಿತು, ಈಗ ಇಂಡೋನೇಷ್ಯಾದ ಜಾವಾ ದ್ವೀಪದ ಒಂದು ಬಟ್ಟೆ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. "ಅಮ್ಮನ್ನ ಒಬ್ಬಳನ್ನೇ ಕಳಿಸ್ಬೇಡಿ ಚಿಕ್ಕಮ್ಮ, ಅವಳು ಏರ್ ಹೋಸ್ಟೆಸ್ ಹತ್ರ ಎಲೆಅಡಿಕೆ ಕೇಳ್ತಾಳೆ," ಎಂದು ಫೋನು ಮಾಡಿದಳು. ಹಾಗಾಗಿ ನಾನೂ ಹೊರಟೆ. ಜಯಕ್ಕ ಎಲೆಅಡಿಕೆಯನ್ನೇನೂ ಕೇಳಲಿಲ್ಲ, ಬ್ಯಾಗಿನಲ್ಲೇ ಇಟ್ಟುಕೊಂಡಿದ್ದಳು.

ಅಲ್ಲಿ ಇಳಿದಾಗ ನಮ್ಮನ್ನು ತಡೆದದ್ದು ರಾಗಿಹಿಟ್ಟು. ತಪಾಸಣೆಯ ಅಧಿಕಾರಿ ಚೀಲದ ಗಂಟು ಬಿಚ್ಚಿ, ಒಳಗೆ ಮೂಗಿಟ್ಟು ಜೋರಾಗಿ ಉಸಿರೆಳೆದುಕೊಂಡ. ಆಮೇಲೆ ಸೀನಿದ. ಕಪ್ಪು ಅಂಗಿಯ ಮೇಲೆಲ್ಲ ಹಿಟ್ಟು. ನಮ್ಮ ಕಡೆಯಾಗಿದ್ದರೆ ಅಷ್ಟಕ್ಕೆ ದೊಡ್ಡ ರಾದ್ಧಾಂತವಾಗುತ್ತಿತ್ತು. ಅವನು ನಕ್ಕುಬಿಟ್ಟ. ಪಕ್ಕದವನೂ ನಕ್ಕ. ಜಯಕ್ಕ ತನ್ನ ಸೆರಗಿನಿಂದಲೇ ಅವನ ಅಂಗಿ ಒರೆಸಲು ಹೋದಳು. ಅವನು ಹೌಹಾರಿ ಹಿಂದೆ ಸರಿದು, ಹೋಗಿ ಹೋಗಿ ಎಂದು ಕೈ ತೋರಿಸಿದ. ಅಲ್ಲಿಯವರು ತೋರುಬೆರಳಿನಿಂದ ಏನನ್ನೂ ತೋರಿಸುವುದಿಲ್ಲ ಎಂದು ನಾನು ಗಮನಿಸಿದ್ದು ಆಗಲೇ. ಬಲಗೈ ಮಡಚಿ ಹೆಬ್ಬೆರಳು ಚಾಚುತ್ತಾರೆ. ಅದೇ ಅವರ ಮರ್ಯಾದೆ. ಬೆರಳು ತೋರಿಸಿಕೊಂಡೇ ಬೆಳೆದ ನಮಗೆ ಅದು ಕಡೆಯವರೆಗೂ ಬರಲಿಲ್ಲ.

ಗುಡ್ಡದ ಮೇಲಿನ ಅಂಗಳ

ರಶ್ಮಿಯ ಕಾರ್ಖಾನೆಯಲ್ಲಿ ವತಿ ಎಂಬ ಹುಡುಗಿ ಇದ್ದಾಳೆ. ಅವಳ ತಾಯಿ ಸುವರ್ತಿ ದಕ್ಷಿಣದ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಒಂದು ಹಳ್ಳಿಯಲ್ಲಿ ಒಬ್ಬರೇ ಇರುತ್ತಾರೆ. ಊರು ಸುತ್ತಿ ದೇವಸ್ಥಾನ, ಅರಮನೆ ಎಲ್ಲ ನೋಡಿದ ಮೇಲೆ ರಶ್ಮಿ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಅಲ್ಲಿ ಹಿರಿಯ ಹೆಂಗಸರನ್ನು 'ಬು' ಎಂದು ಕರೆಯುತ್ತಾರೆ. ಅಮ್ಮ ಎಂದಂತೆ. ಬು ಸುವರ್ತಿ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಸಣ್ಣ ಕಾಯ, ಹೂವಿನ ಚಿತ್ತಾರದ ಲುಂಗಿ, ನಕ್ಕರೆ ಕಣ್ಣು ಮುಚ್ಚಿಯೇ ಹೋಗುತ್ತದೆ.

ಹೋದ ಕೂಡಲೇ ತಟ್ಟೆಯಲ್ಲಿ ಕಂದುಬಣ್ಣದ ಉಂಡೆಯಂಥದ್ದನ್ನು ತಂದಿಟ್ಟರು. ಜಯಕ್ಕನ ಮುಖ ಅರಳಿತು. "ಲೇ ಸರೋಜಾ, ಇಲ್ಲೂ ಮುದ್ದೆ ಐತಲ್ಲೇ!" ಅದು ಮುದ್ದೆಯಲ್ಲ, ಮರಗೆಣಸನ್ನು ಒಣಗಿಸಿ, ಕುಟ್ಟಿ, ಹಬೆಯಲ್ಲಿ ಬೇಯಿಸಿದ್ದು. ಸೊಪ್ಪಿನ ಪಲ್ಯ, ಖಾರದ ಚಟ್ನಿ ಜೊತೆಗೆ. ನಾವು ಅದನ್ನು ಮುರಿದು, ಅದ್ದಿ, ಅಗಿಯದೆ ನುಂಗಿದ್ದನ್ನು ಕಂಡು ಬು ಸುವರ್ತಿ ಗಾಬರಿಯಾದರು. ಹಲ್ಲು ನೋವೇ ಎಂದು ರಶ್ಮಿಯನ್ನು ಕೇಳಿದರಂತೆ.

ಆ ಗುಡ್ಡದಲ್ಲಿ ಮಣ್ಣು ಕಡಿಮೆ, ಕಲ್ಲು ಹೆಚ್ಚು. ಭತ್ತ ಬೆಳೆದರೆ ಬೆಳೆಯಿತು. ಬೆಳೆಯದ ವರ್ಷಗಳಲ್ಲಿ ಅಜ್ಜಿಯರ ಕಾಲದಿಂದ ಅವರನ್ನು ಸಾಕಿದ್ದು ಗೆಡ್ಡೆಗಳು. ಅದರಲ್ಲೊಂದು ಗಡುಂಗ್. ಒಂದು ಬಗೆಯ ಕಾಡುಗೆಣಸು. ಬಳ್ಳಿಯ ಮೈತುಂಬ ಮುಳ್ಳು, ಗೆಡ್ಡೆಯ ತುಂಬ ವಿಷ. ಹಸಿಯಾಗಿ ತಿಂದರೆ ತಲೆ ತಿರುಗಿ, ವಾಂತಿಯಾಗಿ, ಹೆಚ್ಚಾದರೆ ಜೀವಕ್ಕೇ ಬರುತ್ತದೆ. ಅದನ್ನು ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಉಪ್ಪು ತಿಕ್ಕಿ, ಕಲ್ಲು ಹೇರಿ ಅದುಮಿ, ಒಂದು ಬಿಸಿಲು ಕಾಣಿಸಿ, ಚೀಲಕ್ಕೆ ತುಂಬಿ ಹರಿಯುವ ತೊರೆಯಲ್ಲಿ ದಿನಗಟ್ಟಲೆ ಬಿಡಬೇಕು. ದಿನವೂ ಹೋಗಿ ಮಗುಚಿ, ತುಳಿದು, ತೊಳೆಯಬೇಕು. ಆಮೇಲೆ ಹಬೆಯಲ್ಲಿ ಬೇಯಿಸಿ ಇನ್ನೊಮ್ಮೆ ಒಣಗಿಸಿದರೆ ಮುಗಿಯಿತು. ಎಣ್ಣೆಗೆ ಬಿಟ್ಟರೆ ಅರಳುವ ಬಿಲ್ಲೆ ಸಿದ್ಧ. ಬೆಂದದ್ದರಲ್ಲಿ ಒಂದನ್ನು ಮೊದಲು ಕೋಳಿಗೆ ಹಾಕಿ ಸಂಜೆಯವರೆಗೂ ಅದರ ನಡಿಗೆ ನೋಡುವುದು ಬು ಸುವರ್ತಿಯ ಪದ್ಧತಿ. ಅವರ ಬಿಲ್ಲೆ ಎಂದರೆ ಸಂತೆಯಲ್ಲಿ ಕಣ್ಣು ಮುಚ್ಚಿ ಕೊಳ್ಳುತ್ತಿದ್ದರಂತೆ. ಗಂಡ ತೀರಿದ ಮೇಲೆ ಅವರು ಬದುಕು ಕಟ್ಟಿಕೊಂಡದ್ದು ಇದರಿಂದಲೇ.

ಇಷ್ಟನ್ನೂ ರಶ್ಮಿ ನಮಗೆ ಕನ್ನಡದಲ್ಲಿ ಹೇಳಿದಳು. ಮಧ್ಯೆ ಅವಳಿಗೆ ಕಾರ್ಖಾನೆಯಿಂದ ಫೋನು ಬಂತು. ಅವಳು ಅತ್ತ ಹೋದಾಗ ಬು ಸುವರ್ತಿ ಅಂಗಳದ ಬಿದಿರು ತಟ್ಟೆಗಳ ಕಡೆ ಹೆಬ್ಬೆರಳು ಚಾಚಿ ಇನ್ನೂ ಏನೋ ಹೇಳಿದರು. ಅರ್ಥವಾಗದ ಮಾತಿಗೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ನಗುತ್ತಾ ತಲೆಯಾಡಿಸಿದೆ.

ಮರುದಿನ ಬೆಳಿಗ್ಗೆ ಅವರು ತೊರೆಗೆ ಹೋಗಿದ್ದರು. ರಶ್ಮಿ ಸ್ನಾನಕ್ಕೆ ಹೋಗಿದ್ದಳು. ಜಯಕ್ಕ ಜಗಲಿಯಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಅಂಗಳದಲ್ಲಿ ಬಿಸಿಲು ಬಿದ್ದಿತ್ತು. ಬಿದಿರು ತಟ್ಟೆಗಳಲ್ಲಿ ಬಿಳಿ ಬಿಲ್ಲೆಗಳು ಅಂಚು ಮುದುರಿಕೊಂಡು, ನಡುವೆ ಇನ್ನೂ ಹಸಿಯಾಗಿ, ಉಪ್ಪಿನ ಹರಳು ಮಿಂಚುತ್ತಾ ಮಲಗಿದ್ದವು. ತೊಳೆದು, ಬೇಯಿಸಿ, ಕೊನೆಯ ಬಿಸಿಲಿಗೆ ಇಟ್ಟದ್ದೆಂದೇ ನಾನು ತಿಳಿದೆ. ನೀವೇ ಹೇಳಿ, ಅರೆ ಒಣಗಿದ ಸಂಡಿಗೆಯನ್ನು ಕಂಡು ಸುಮ್ಮನೆ ಹೋಗುವವರು ನಮ್ಮಲ್ಲಿ ಯಾರಿದ್ದಾರೆ? ಮೇಲೆ ಗರಿ, ಒಳಗೆ ಮೆತ್ತಗೆ, ಆ ರುಚಿ ಕರಿದದ್ದಕ್ಕೂ ಬರುವುದಿಲ್ಲ. ಕಾಗೆ ಕಾಯಲೆಂದು ನಮ್ಮನ್ನು ಕೂರಿಸಿ ಅತ್ತೆ ಕೆಳಗಿಳಿದರೆ, ಕಾಗೆಗಿಂತ ಹೆಚ್ಚು ತಿಂದವರು ನಾನು ಮತ್ತು ಜಯಕ್ಕನೇ.

ತಟ್ಟೆಯ ಮೇಲೆ ಒಂದು ಮುಳ್ಳಿನ ಕಡ್ಡಿ ಅಡ್ಡ ಇಟ್ಟಿತ್ತು. ನಮ್ಮಲ್ಲೂ ಕಾಗೆ ಕೂರದಿರಲಿ ಎಂದು ಜಾಲಿ ಕೊಂಬೆ ಇಡುತ್ತೇವೆ. ಅದೇ ಇರಬೇಕೆಂದು ಮುಳ್ಳನ್ನು ಪಕ್ಕಕ್ಕೆ ಸರಿಸಿದೆ. ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡೆ. ಉಪ್ಪುಪ್ಪಾಗಿತ್ತು. ಇನ್ನೊಂದು. ಗಂಟಲಲ್ಲಿ ಸ್ವಲ್ಪ ನವೆ ಅನ್ನಿಸಿತು. ಕೆಸುವಿನಂತೆ ಇದರದ್ದೂ ಗುಣವೇನೋ ಎಂದುಕೊಂಡು ಮತ್ತೊಂದೆರಡು ತಿಂದೆ. "ಬಾ ಅಕ್ಕ, ಹಸಿ ಸಂಡಿಗೆ" ಎಂದು ಕರೆದೆ. ಜಯಕ್ಕನ ಬಾಯಲ್ಲಿ ಎಲೆಅಡಿಕೆ ಇತ್ತು. "ಉಗುದು ಬತ್ತೀನಿ ತಡಿಯೇ," ಎಂದಳು.

ಆ ಎಲೆಅಡಿಕೆಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ಅವಳು ಉಗುಳಿ ಬರುವಷ್ಟರಲ್ಲಿ ನನ್ನ ನಾಲಿಗೆ ದಪ್ಪಗಾಗಿತ್ತು. ಗಂಟಲು ಉರಿಯುತ್ತಿತ್ತು. ಅಂಗಳ ಮೆಲ್ಲಗೆ ಒಂದು ಕಡೆಗೆ ವಾಲಿತು. ಬಿದಿರು ಕಂಬ ಹಿಡಿದುಕೊಂಡೆ, ಅದೂ ವಾಲಿತು. ಆಮೇಲೆ ವಾಂತಿ.

ಗೆಡ್ಡೆಯ ಬಳ್ಳಿಯದೇ ಆ ಮುಳ್ಳು. ಇದಿನ್ನೂ ಮೊದಲ ಬಿಸಿಲಿನದು, ಮುಟ್ಟಬೇಡಿ ಎಂದು ಆ ಹಳ್ಳಿಯಲ್ಲಿ ಅಂಬೆಗಾಲಿಡುವ ಮಗುವಿಗೂ ಗೊತ್ತಿರುವ ಗುರುತು. ಹಿಂದಿನ ದಿನ ಅವರು ನನಗೆ ಹೇಳಿದ್ದು ಅದನ್ನೇ.

ಆರೋಗ್ಯ ಕೇಂದ್ರದ ಮಂಚ

ನನ್ನನ್ನು ಕರೆದೊಯ್ದದ್ದು ಪಕ್ಕದ ಮನೆಯವರ ಪಿಕಪ್ಪು. ಹಿಂದೆ ಆಡುಗಳಿಗೆ ತಂದ ಹಸಿರು ಹುಲ್ಲಿತ್ತು, ಅದರ ಮೇಲೆಯೇ ಮಲಗಿಸಿದರು. ತೊರೆಯಿಂದ ಒದ್ದೆ ಬಟ್ಟೆಯಲ್ಲೇ ಓಡಿ ಬಂದ ಬು ಸುವರ್ತಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ದಾರಿಯುದ್ದಕ್ಕೂ ನಾನು ಅವರ ಮಡಿಲಿಗೇ ವಾಂತಿ ಮಾಡಿದೆ. ಅವರು ಮುಖ ತಿರುಗಿಸಲಿಲ್ಲ. ಸೆರಗಿನಂಥ ಬಟ್ಟೆಯಿಂದ ನನ್ನ ಬಾಯಿ ಒರೆಸುತ್ತಾ, ಏನೋ ಮೆಲ್ಲಗೆ ಹೇಳುತ್ತಲೇ ಇದ್ದರು. ನನ್ನ ಹೆರಿಗೆಯಲ್ಲಿ ನಮ್ಮಮ್ಮ ಹೀಗೆ ಗೊಣಗುತ್ತಿದ್ದದ್ದು ನೆನಪಾಯಿತು. ಮಾತು ತಿಳಿಯದಿದ್ದರೂ ಧೈರ್ಯವಾಯಿತು.

ಆರೋಗ್ಯ ಕೇಂದ್ರ ಚಿಕ್ಕದು, ಬಹಳ ಚೊಕ್ಕಟ. ಹೊರಗೆ ಚಪ್ಪಲಿ ಬಿಟ್ಟು ಬರಬೇಕು. ತಲೆವಸ್ತ್ರ ಕಟ್ಟಿದ ಡಾಕ್ಟರ್ ಹುಡುಗಿ ನನ್ನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಗಡುಂಗ್?" ಎಂದಳು. ನಮ್ಮ ರಶ್ಮಿ ಅಳುತ್ತಾ ತಲೆಯಾಡಿಸಿದಳು. ಡ್ರಿಪ್ಪು ಏರಿಸಿದರು, ಸೂಜಿ ಚುಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಸೂರು ತಿರುಗುವುದು ನಿಂತಿತು. ಇವತ್ತು ಇಲ್ಲೇ ಇರಲಿ, ಗಂಡಾಂತರವಿಲ್ಲ ಎಂದು ಡಾಕ್ಟರ್ ಹೇಳಿದ ಮೇಲೆ ಜಯಕ್ಕನಿಗೆ ಬಾಯಿ ಬಂತು.

"ಅಲ್ಲ ಕಣೇ, ಕೋಳಿಗ್ ಆಕೋಕ್ ಮುಂಚೆ ನೀನೇ ತಿಂದ್ಯಲ್ಲೇ! ನಿಮ್ಮೆಜಮಾನ್ರು ಫೋನ್ ಮಾಡುದ್ರೆ ನಾನೇನ್ ಏಳ್ಲಿ? ನಿಮ್ಮೆಂಡ್ತಿ ಕೋಳಿ ಕೆಲ್ಸಕ್ ಸೇರ್ಕಂಡವ್ಳೆ ಅನ್ಲಾ?"

"ಅಮ್ಮಾ, ಸುಮ್ನಿರು," ಎಂದಳು ರಶ್ಮಿ. "ಚಿಕ್ಕಮ್ಮ, ತಪ್ಪು ನಂದು. ಅವರು ಅಷ್ಟು ಕ್ಲಿಯರ್ ಆಗಿ ಹೇಳಿದ್ರಂತೆ. ನಾನು ಫೋನಲ್ಲಿದ್ದೆ."

"ನಿಂದೇನೂ ಇಲ್ಲ ಕಣಮ್ಮಾ. ಇನ್ನೊಬ್ಬರ ಅಂಗಳಕ್ಕೆ ಕೈ ಹಾಕಿದ್ದು ನಾನು."

ಡಾಕ್ಟರ್ ಮತ್ತೆ ಬಂದಾಗ ಕುತೂಹಲದಿಂದ ಕೇಳಿದಳು. ನಿಮ್ಮ ದೇಶದಲ್ಲಿ ಹೀಗೆ ವಿಷ ತೆಗೆದು ತಿನ್ನುವ ಆಹಾರವಿಲ್ಲವೇ ಎಂದು. ಇಲ್ಲ ಎಂದು ನಾನು ಹೇಳುವಷ್ಟರಲ್ಲಿ ಜಯಕ್ಕ ತಡೆದಳು.

"ಯಾಕಿಲ್ಲ? ಒಣಗಿದ ಅವರೆಕಾಳ್ ಬೇಯ್ಸಿದ್ ಮೊದಲ್ನೇ ನೀರು ಯಾಕ್ ಚೆಲ್ತೀಯ? ಅತ್ತೆ ಬಯ್ತಿರ್ಲಿಲ್ವಾ, ಆ ನೀರ್ನ ದನಕ್ಕೂ ಉಯ್ಬ್ಯಾಡ್ರೇ ಅಂತ?"

ಹೌದಲ್ಲ. ರಾತ್ರಿ ನೆನೆಸಿದ ನೀರನ್ನು ಚೆಲ್ಲು, ಬೇಯಿಸಿದ ಮೊದಲ ನೀರನ್ನೂ ಚೆಲ್ಲು, ಆಮೇಲೆ ಸಾರಿಗೆ ಹಾಕು ಎನ್ನುತ್ತಿದ್ದರು ಅತ್ತೆ. ಮಳೆಗೆ ಸಿಕ್ಕಿದ ಹೊಸ ಹಾರಕದ ಅನ್ನ ಮಾಡಲು ಬಿಡುತ್ತಲೇ ಇರಲಿಲ್ಲ. ಹಾಗೆ ಉಂಡ ನಮ್ಮ ಮಾವನ ಅಣ್ಣ ಅಮಲೇರಿ, ಹೊಲದ ಬದುವಿನ ಮೇಲೆ ಕೂತು ಎತ್ತಿನ ಜೊತೆ ಜಗಳವಾಡಿದ್ದರಂತೆ. ಯಾಕೆ ಅತ್ತೆ ಎಂದರೆ "ನಮ್ಮತ್ತೆ ಇಂಗೇ ಮಾಡ್ತಿದ್ರು" ಎಂದಷ್ಟೇ ಉತ್ತರ. ಕುಕ್ಕರ್ ಬಂದ ಮೇಲೆ ನಾನು ಎಷ್ಟೋ ಸಲ ಸೋಮಾರಿತನಕ್ಕೆ ಆ ನೀರನ್ನು ಉಳಿಸಿಕೊಂಡದ್ದುಂಟು.

ಆ ಮಂಚದ ಮೇಲೆ ಮಲಗಿ ನಾನು ಯೋಚಿಸಿದ್ದು, ಮೊದಲು ಕಂಡುಹಿಡಿದವರು ಯಾರಿರಬಹುದು ಎಂದು. ಯಾವುದೋ ಕೆಟ್ಟ ವರ್ಷದಲ್ಲಿ ಮಕ್ಕಳು ಹಸಿದು ಅತ್ತಿರಬೇಕು. ಯಾವುದೋ ತಾಯಿ ಆ ಗೆಡ್ಡೆಯನ್ನು ತೊಳೆದು ತಿಂದು, ಸಾಲದೆ ಇನ್ನಷ್ಟು ತೊಳೆದು, ಉಪ್ಪು ಹಾಕಿ, ನೀರಿಗೆ ಬಿಟ್ಟು ನೋಡಿರಬೇಕು. ಎಷ್ಟು ಜನ ನನ್ನ ಹಾಗೆ ಅಂಗಳದಲ್ಲಿ ಬಿದ್ದರೋ. ಅವರನ್ನು ಎತ್ತಿಕೊಂಡು ಹೋಗಲು ಪಿಕಪ್ಪು ಇರಲಿಲ್ಲ. ಅವರು ಕಲಿತದ್ದನ್ನು ನಾವು ಬಾಯಿ ಚಪ್ಪರಿಸಿಕೊಂಡು ತಿನ್ನುತ್ತೇವೆ. ಕಣ್ಣಲ್ಲಿ ನೀರು ಬಂತು. ಜಯಕ್ಕ ಅದನ್ನು ನೋಡಿ ಹೊಟ್ಟೆ ನೋವೆಂದು ಮತ್ತೆ ಡಾಕ್ಟರನ್ನು ಕೂಗಿದಳು.

ಬು ಸುವರ್ತಿ ಸಂಜೆಯವರೆಗೂ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಒಳಗೆ ಬಂದಾಗಲೆಲ್ಲ ಬಾಗಿ, ಎರಡೂ ಕೈ ಜೋಡಿಸಿ, ಕ್ಷಮೆ ಕೇಳುತ್ತಿದ್ದರು. ತಪ್ಪು ಮಾಡಿದವಳು ಮಲಗಿಕೊಂಡು, ಮಾಡದವರು ಕೈಮುಗಿಯುವುದನ್ನು ನೋಡಲಾಗಲಿಲ್ಲ.

ಸಂತೆ

ಮರುದಿನ ಬೆಳಿಗ್ಗೆ ಬಿಟ್ಟರು. ಎರಡು ದಿನ ಗಂಜಿ ಬಿಟ್ಟು ಬೇರೇನೂ ಮುಟ್ಟಬಾರದು ಎಂದು ಡಾಕ್ಟರ್ ತಾಕೀತು ಮಾಡಿದ್ದಳು. ಸಾಮಾನು ತೆಗೆದುಕೊಳ್ಳಲು ಹಳ್ಳಿಗೆ ಹೋದರೆ, ಜಗಲಿಯ ಮೇಲೆ ಬಿಲ್ಲೆ ತುಂಬಿದ ಚೀಲ ಬಾಯಿ ಹೊಲಿಸಿಕೊಂಡು ಕೂತಿತ್ತು. ಅದು ಮುಗಿದ ಸರಕು, ಎಲ್ಲ ನೀರು, ಎಲ್ಲ ಬಿಸಿಲು ಕಂಡದ್ದು. ಅವತ್ತು ಸಂತೆಯ ದಿನ. ಅವರದು ಐದು ದಿನದ ವಾರ, ಐದು ದಿನಕ್ಕೊಮ್ಮೆ ಸಂತೆ. ಆದರೆ ಬು ಸುವರ್ತಿ ಹೊರಡುವಂತೆ ಕಾಣಲಿಲ್ಲ. ಅಂಗಳ ಗುಡಿಸುತ್ತಿದ್ದರು.

ರಶ್ಮಿ ಪಿಕಪ್ಪಿನವರನ್ನು ವಿಚಾರಿಸಿಕೊಂಡು ಬಂದಳು. ಅವಳ ಮುಖ ಸಣ್ಣಗಾಗಿತ್ತು.

"ಚಿಕ್ಕಮ್ಮ, ಸುದ್ದಿ ಎಲ್ಲಾ ಕಡೆ ಹೋಗ್ಬಿಟ್ಟಿದೆ. ಸುವರ್ತಿ ಮನೇಲಿ ಗಡುಂಗ್ ತಿಂದು ಫಾರಿನ್ ಹೆಂಗಸು ಆಸ್ಪತ್ರೆ ಸೇರಿದ್ಲು ಅಂತ. ಕೊಳ್ಳೋನು ಈ ಸಲ ಬೇಡ ಅಂತ ಹೇಳಿ ಕಳಿಸಿದಾನೆ. ಮಳೆ ಶುರುವಾದ್ರೆ ಮತ್ತೆ ಒಣಗ್ಸೋಕೆ ಆಗಲ್ಲ. ಅಂಗಳದಲ್ಲಿರೋದು ಬಿಟ್ರೆ ಈ ವರ್ಷದ್ದು ಇಷ್ಟೇ ಅಂತೆ."

"ಅವರೇನಂತಾರೆ?"

"ನೀವು ಎದ್ದು ಕೂತ್ರಲ್ಲ, ಅದೇ ಸಾಕು ಅಂತಾರೆ."

ಒಂದು ಚೀಲ ಹೋದರೆ ಹೋಗಲಿ ಎನ್ನಬಹುದು. ಆದರೆ ವಿಷ ತೆಗೆಯುವ ಕೈ ಎಂಬ ಹೆಸರು ಹೋದರೆ ಮುಂದಿನ ವರ್ಷ ಯಾರು ಕೊಳ್ಳುತ್ತಾರೆ? "ನಡಿಯಮ್ಮಾ ಸಂತೆಗೆ," ಎಂದೆ. ಜಯಕ್ಕ ನನ್ನನ್ನು ದಿಟ್ಟಿಸಿ ನೋಡಿ, ಒಂದೂ ಮಾತಾಡದೆ ಚೀಲದ ಒಂದು ತುದಿ ಹಿಡಿದು ಎತ್ತಿದಳು. ಅವಳು ಮಾತಾಡದೆ ಕೆಲಸ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಸಂತೆಯಲ್ಲಿ ತಕ್ಕಡಿ ಇಟ್ಟುಕೊಂಡು ಕೂತಿದ್ದ ವ್ಯಾಪಾರಿ ಕರಿ ಟೋಪಿಯ, ಮೆತ್ತನೆಯ ಮಾತಿನ ಮನುಷ್ಯ. ನಮ್ಮನ್ನು ಕಂಡು ಎದ್ದು ನಿಂತ, ಬಾಗಿದ, ನಕ್ಕ, ನನ್ನ ಆರೋಗ್ಯ ಕೇಳಿದ, ಬೆಲ್ಲದಷ್ಟು ಸಿಹಿಯಾದ ಚಹಾ ತರಿಸಿದ. ಚೀಲದ ಕಡೆ ಮಾತ್ರ ನೋಡಲಿಲ್ಲ. ನಮ್ಮ ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಾಗಿದ್ದರೆ "ಎತ್ಕೊಂಡ್ ಹೋಗಮ್ಮಾ ನಿನ್ ಮಾಲು" ಎಂದು ಕಿರುಚುತ್ತಿದ್ದರು, ನಾವೂ ಎರಡು ಮಾತು ತಿರುಗಿಸಿ ಕೊಡುತ್ತಿದ್ದೆವು, ಅಷ್ಟರಲ್ಲಿ ವ್ಯಾಪಾರ ಕುದುರುತ್ತಿತ್ತು. ಇಲ್ಲಿ ಇಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಗುವಿನ ಜೊತೆ ಜಗಳವಾಡುವುದು ಹೇಗೆ?

"ರಶ್ಮಿ, ಜೋರಾಗಿ ಹೇಳು, ಎಲ್ರಿಗೂ ಕೇಳ್ಲಿ. ತಿಂದಿದ್ದು ನಾನು. ಮುಳ್ಳು ಇಟ್ಟಿದ್ರು. ಬೇಡ ಅಂತ ಬಾಯಲ್ಲೂ ಹೇಳಿದ್ರು. ನಾನು ಮುಳ್ಳು ಸರಿಸಿ ಕದ್ದು ತಿಂದೆ."

"ಕದ್ದು ಅಂತನೂ ಹೇಳ್ಬೇಕಾ ಚಿಕ್ಕಮ್ಮ?"

"ಅದನ್ನೇ ಮೊದಲು ಹೇಳು."

ಹೇಳಿದಳು. ಸುತ್ತ ಸೊಪ್ಪು ಮಾರುತ್ತಿದ್ದ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಒಬ್ಬ ಅಜ್ಜಿ ತನ್ನ ಪಕ್ಕದವಳಿಗೆ ನನ್ನ ಕಥೆಯನ್ನು ಅಭಿನಯ ಮಾಡಿ ತೋರಿಸಿದಳು. ವ್ಯಾಪಾರಿಯೂ ನಕ್ಕ. ಚೀಲದಿಂದ ಒಂದು ಬಿಲ್ಲೆ ತೆಗೆದು ಬಿಸಿಲಿಗೆ ಹಿಡಿದು ನೋಡಿ, ಮೆತ್ತಗೆ ಅಲ್ಲೇ ಇಟ್ಟುಬಿಟ್ಟ.

ಪಕ್ಕದಲ್ಲೇ ಒಬ್ಬಾಕೆ ಗಂಜಿಯ ದೊಡ್ಡ ಪಾತ್ರೆ ಇಟ್ಟುಕೊಂಡು, ಬಾಣಲೆಯಲ್ಲಿ ಏನೇನೋ ಕರಿಯುತ್ತಿದ್ದಳು. ನಾನು ಚೀಲದಿಂದ ಒಂದು ಹಿಡಿ ಬಿಲ್ಲೆ ತೆಗೆದು ಅವಳಿಗೆ ಕೊಟ್ಟೆ. ಎಣ್ಣೆಗೆ ಬಿದ್ದು ಅವು ನಮ್ಮ ಸಂಡಿಗೆಯ ಹಾಗೆಯೇ ಚಟಪಟ ಎಂದು ಅರಳಿದವು. ತಟ್ಟೆ ಕೈಗೆ ಬಂತು. ಸೊಪ್ಪಿನ ಹೆಂಗಸರು ಮಾರಾಟ ಬಿಟ್ಟು ನನ್ನ ಕಡೆ ತಿರುಗಿದರು.

ಸುಳ್ಳು ಹೇಳುವುದಿಲ್ಲ, ಒಂದು ಬಿಲ್ಲೆ ಎತ್ತಿ ಮತ್ತೆ ತಟ್ಟೆಗೇ ಇಟ್ಟೆ.

"ಬ್ಯಾಡ ಕಣೇ ಸರೋಜಾ," ಎಂದಳು ಜಯಕ್ಕ. ಈ ಸಲ ಅವಳ ಧ್ವನಿಯಲ್ಲಿ ತಮಾಷೆ ಇರಲಿಲ್ಲ. "ಎಲ್ಡ್ ದಿನ ಗಂಜಿ ಅಂದವ್ರೆ ಡಾಕ್ಟ್ರು. ನಾನ್ ಬೇಕಾದ್ರೆ ತಿಂತೀನಿ ಕೊಡು."

"ನೀನು ತಿಂದ್ರೆ ಆಗಲ್ಲ ಅಕ್ಕ. ಬಿದ್ದವಳು ನಾನು. ನಾನೇ ತಿನ್ಬೇಕು."

ಕಚ್ಚಿದೆ. ಕರುಂ ಎಂದಿತು. ಹಗುರ, ಸ್ವಲ್ಪ ಉಪ್ಪು, ಹಿಂದೆ ಮಣ್ಣಿನ ಕಂಪು. ಇಷ್ಟು ಸೌಮ್ಯವಾದ ರುಚಿಗಾಗಿ ಅಷ್ಟು ನೀರು, ಅಷ್ಟು ಬಿಸಿಲು! ಇನ್ನೊಂದು ತಿಂದೆ. ಜಯಕ್ಕ ನನ್ನ ಮುಖವನ್ನೇ ನೋಡುತ್ತಿದ್ದವಳು ತಟ್ಟೆಗೆ ಕೈ ಹಾಕಿ, "ಓದ್ರೆ ಇಬ್ರೂ ಓಗಣ ಬುಡು," ಎಂದು ತಾನೂ ಒಂದು ಬಾಯಿಗೆ ಹಾಕಿಕೊಂಡಳು. ಆಮೇಲೆ, "ಲೇ, ಚೆನ್ನಾಗೈತೆ ಕಣೇ, ಒಂಚೂರು ಖಾರದ್ಪುಡಿ ಇದ್ದಿದ್ರೆ..." ಎಂದಳು. ರಶ್ಮಿ ಅದನ್ನೂ ಅನುವಾದ ಮಾಡಿದಳು. ಅಭಿನಯದ ಅಜ್ಜಿ ಎದ್ದು ಬಂದು ತನ್ನ ಪಾಲನ್ನು ತೆಗೆದುಕೊಂಡಳು.

ನಾನು ಮೂರನೆಯದಕ್ಕೆ ಕೈ ಹಾಕುವಾಗ ತಟ್ಟೆ ಅಲ್ಲಿರಲಿಲ್ಲ. ಅಲ್ಲಿಯವರೆಗೆ ದೂರ ನಿಂತು ನೆಲ ನೋಡುತ್ತಿದ್ದ ಬು ಸುವರ್ತಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ವ್ಯಾಪಾರಿಯ ಮುಂದೆ ಠಕ್ ಎಂದು ಇಟ್ಟಿದ್ದರು. ಮರ್ಯಾದೆಯ ಹೆಬ್ಬೆರಳನ್ನೂ ಚಾಚಲಿಲ್ಲ. ನನ್ನ ಕಡೆ ತಿರುಗಿ ಸಿಟ್ಟಿನಲ್ಲಿ ಏನೋ ಅಂದರು.

"ಏನಂತೆ?"

ರಶ್ಮಿ ಅಳುತ್ತಾ ನಗುತ್ತಿದ್ದಳು. "ಖಾಲಿ ಹೊಟ್ಟೇಲಿ ಕರಿದಿದ್ದು ತಿಂತಿದೀಯಲ್ಲ, ಬುದ್ಧಿ ಇದ್ಯಾ ಅಂತ ಬಯ್ತಿದಾರೆ ಚಿಕ್ಕಮ್ಮ."

ಅವರು ಗಂಜಿಯಾಕೆಯ ಹತ್ತಿರ ಹೋಗಿ ಒಂದು ಬಟ್ಟಲು ಗಂಜಿ ಹಾಕಿಸಿಕೊಂಡು, ಊದಿ ಆರಿಸುತ್ತಾ ಬಂದು, ನನ್ನನ್ನು ಮಣೆಯ ಮೇಲೆ ಕೂರಿಸಿ ಎದುರಿಗೆ ತಾವೂ ಕುಕ್ಕರಿಸಿದರು. ಅವರ ಬೆನ್ನ ಹಿಂದೆ ಬಿಲ್ಲೆ ಅಗಿಯುವ ಸದ್ದು ಕೇಳಿತು. ಸ್ವಲ್ಪ ಹೊತ್ತಾದ ಮೇಲೆ ಚೀಲವನ್ನು ನೆಲದ ಮೇಲೆ ಎಳೆಯುವ ಸದ್ದು. ನಾನು ಬಗ್ಗಿ ನೋಡಿದೆ. ವ್ಯಾಪಾರಿ ಅದನ್ನು ತಕ್ಕಡಿಗೆ ಏರಿಸುತ್ತಿದ್ದ. ನೋಡಿ, ನೋಡಿ ಎಂದು ನಾನು ಬೆರಳು ತೋರಿಸಿದೆ.

ಬು ಸುವರ್ತಿ ತಿರುಗಿಯೂ ನೋಡಲಿಲ್ಲ. ಚಾಚಿದ ನನ್ನ ಬೆರಳನ್ನು ಮಡಚಿ, ಆ ಕೈಗೆ ಚಮಚ ಕೊಟ್ಟು, ನಾನು ಗಂಜಿ ಮುಗಿಸುವವರೆಗೂ ಬಟ್ಟಲಿನ ಮೇಲೆಯೇ ಕಣ್ಣಿಟ್ಟು ಕೂತಿದ್ದರು.